ರ ಬರೆಯಲು ಎಷ್ಟು ನೋಡ್ ಬೇಕು?

“ಕರ್ವ್ ಮಾಡಿ ತಂದಿದೀರಾ?”

ಬೆಂಗಳೂರಿನ ಚಾಮರಾಜಪೇಟೆಯಲ್ಲಾಗಲಿ ಸುಲ್ತಾನ್‌ಪೇಟೆಯಲ್ಲಾಗಲಿ, ಪೆನ್‌ಡ್ರೈವ್ ಹಿಡಿದು ಪ್ರಿಂಟಿಂಗ್ ಪ್ರೆಸ್ಸಿನ ಮೆಟ್ಟಿಲು ಹತ್ತಿದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಮದುವೆ ಕಾರ್ಡಿರಲಿ, ಗೃಹಪ್ರವೇಶದ ಕಾರ್ಡಿರಲಿ, ಗಣೇಶೋತ್ಸವದ ರಸೀದಿ ಪುಸ್ತಕವಿರಲಿ, ಪ್ರಶ್ನೆ ಮಾತ್ರ ಅದೇ. ಡಿಸೈನ್ ಓದಲು ಹೊಸದಾಗಿ ಸೇರಿದ ಮಕ್ಕಳಿಗೆ ಈ ಪ್ರಶ್ನೆ ಪೂರ್ತಿ ಅರ್ಥವಾದ ದಿನ ವೆಕ್ಟರ್ ಗ್ರಾಫಿಕ್ಸಿನ ಅರ್ಧ ಪಾಠ ಮುಗಿಯಿತು ಎನ್ನುತ್ತೇನೆ ನಾನು.

ನನಗೆ ಅದು ತಡವಾಗಿ ಅರ್ಥವಾಯಿತು. ನೆಂಟರ ಮನೆಯ ನಾಮಕರಣಕ್ಕೆ ರಾತ್ರಿಯಿಡೀ ಕೂತು ಕಾರ್ಡು ಮಾಡಿ, ಫೈಲನ್ನು ಹಾಗೇ ಪ್ರೆಸ್ಸಿಗೆ ಕೊಟ್ಟು ಬಂದಿದ್ದೆ. ಅಚ್ಚಾಗಿ ಬಂದ ಕಾರ್ಡಿನಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಏನೇನೋ ಚಿಹ್ನೆಗಳೂ ಸಾಲಾಗಿ ನಿಂತಿದ್ದವು. ಮಗುವಿನ ಅಜ್ಜಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ತಪ್ಪು ನನ್ನದೇ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಬಾಡಿಗೆದಾರರು ಮಾಯ, ಮನೆಯ ಮಾಲೀಕರು ಹಾಜರ್. ಕರ್ವ್ ಮಾಡುವುದೆಂದರೆ ಅಕ್ಷರವನ್ನು ಫಾಂಟಿನ ಹಂಗಿನಿಂದ ಬಿಡಿಸಿ ಬರೀ ರೇಖೆಯಾಗಿಸುವುದು. ಕೋರಲ್‌ಡ್ರಾ ತಂತ್ರಾಂಶದಲ್ಲಿ ಕಂಟ್ರೋಲ್ ಕ್ಯೂ, ಮುಗಿಯಿತು. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು ಅದೇ ಆಕಾರ. ಒಂದೇ ಎಚ್ಚರಿಕೆ: ಕರ್ವ್ ಆದ ಅಕ್ಷರದಲ್ಲಿ ಕಾಗುಣಿತ ತಿದ್ದಲಾಗದು. ಮೂಲದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡಿರಬೇಕು.

ವಾಟ್ಸ್ಯಾಪಿನಲ್ಲಿ ಬಂದ ಲೋಗೋವನ್ನು ಹತ್ತಡಿ ಬ್ಯಾನರಿಗೆ ಹಿಗ್ಗಿಸಿ ಎಂದರೆ ಡಿಟಿಪಿಯವರು “ಒಡೆಯುತ್ತೆ ಸಾರ್” ಎನ್ನುತ್ತಾರೆ. ಫೋಟೋ ಎಂದರೆ ಬಣ್ಣದ ಪುಟ್ಟ ಚೌಕಗಳ ರಾಶಿ; ಹಿಗ್ಗಿಸಿದರೆ ಚೌಕಗಳೇ ದೊಡ್ಡದಾಗುತ್ತವೆ. ವೆಕ್ಟರ್ ಚಿತ್ರದಲ್ಲಿ ಚೌಕಗಳಿಲ್ಲ. ಇಲ್ಲಿಂದ ಹೊರಡು, ಇಷ್ಟು ಬಾಗು, ಅಲ್ಲಿ ನಿಲ್ಲು ಎಂಬ ಲೆಕ್ಕವಷ್ಟೇ ಇರುತ್ತದೆ. ಅಂಚೆಚೀಟಿಯಷ್ಟು ಮಾಡಿ, ಬಸ್ಸಿನಷ್ಟು ಮಾಡಿ, ಕಂಪ್ಯೂಟರ್ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳುತ್ತದೆ. ಪಿಯುಸಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಓದಿದವರಿಗೆ ವೆಕ್ಟರ್ ಎಂದರೆ ಸದಿಶ, ದಿಕ್ಕುಳ್ಳದ್ದು. ಎಷ್ಟು ಸರಿಯಾದ ಮಾತು!

ಈ ಬಾಗಿನ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ 1959ರಲ್ಲೇ ಅದನ್ನು ಕಂಡುಕೊಂಡಿದ್ದರು, ಆದರೆ ಕಂಪನಿ ಗುಟ್ಟಾಗಿಟ್ಟಿತು. ಅರವತ್ತರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಝಿಯೆ ಪ್ರಕಟಿಸಿದರು, ಹೆಸರು ಅವರದಾಯಿತು. 1987ರ ಇಲ್ಲಸ್ಟ್ರೇಟರ್, 1989ರ ಕೋರಲ್‌ಡ್ರಾ, 2003ರ ಇಂಕ್‌ಸ್ಕೇಪ್, ಈ ಮೂರೂ ವೆಕ್ಟರ್ ತಂತ್ರಾಂಶಗಳ ಒಳಗೆ ಇರುವುದು ಆ ಬಾಗೇ. ಇಂಕ್‌ಸ್ಕೇಪ್ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ತಾನಾಗಿಯೇ ಸರಿಯಾಗಿ ಕೂರಿಸುತ್ತದೆ. ಕಲಿಯುವವರು ಅದರಲ್ಲೇ ಶುರುಮಾಡಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಲಿಯುವುದು ಹೇಗೆ? ವಿಡಿಯೋಗಳಲ್ಲಿ ಸೇಬು ಬರೆಸುತ್ತಾರೆ, ಹಕ್ಕಿ ಬರೆಸುತ್ತಾರೆ. ನಾನು ಮಕ್ಕಳನ್ನು ಗಾಂಧಿಬಜಾರಿಗೆ ಕಳಿಸುತ್ತೇನೆ. ಕೈಯಲ್ಲಿ ಬರೆದ ಹಳೇ ಬೋರ್ಡು ಹುಡುಕಿ, ಅದರಿಂದ ಒಂದು ‘ರ’ದ ಫೋಟೋ ಹಿಡಿದು ತನ್ನಿ ಎನ್ನುತ್ತೇನೆ. ವೆಕ್ಟರ್ ರೇಖೆ ಎಳೆಯುವ ಪೆನ್ ಟೂಲ್ ಕಲಿಯಲು ಕನ್ನಡ ಅಕ್ಷರಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅರ್ಧಕ್ಕರ್ಧ ನೆಟ್ಟಗೆರೆ. ನಮ್ಮಲ್ಲಿ ಎಲ್ಲವೂ ದುಂಡು.

ಮೊದಲ ಸಲ ಎಲ್ಲರೂ ಮಾಡುವುದು ಒಂದೇ. ಫೋಟೋದ ಮೇಲೆ ಆಟೋ ಟ್ರೇಸ್ ಒತ್ತುತ್ತಾರೆ. ಕ್ಷಣದಲ್ಲಿ ‘ರ’ ಬರುತ್ತದೆ, ಅಂಚಿನ ತುಂಬ ಇರುವೆ ಮುತ್ತಿದ ಹಾಗೆ ನೋಡ್‌ಗಳು, ಅಂದರೆ ರೇಖೆಯನ್ನು ಹಿಡಿದಿಡುವ ಬಿಂದುಗಳು. ಗೋಡೆಯ ಒರಟು, ಪೇಂಟಿನ ಚಕ್ಕೆ, ಧೂಳು ಎಲ್ಲವೂ ರೇಖೆಯಾಗಿರುತ್ತದೆ. ಅದನ್ನು ಅಳಿಸಿ, ಕೈಯಲ್ಲೇ ಬರೆಯಿರಿ ಎನ್ನುತ್ತೇನೆ. ಇಂಕ್‌ಸ್ಕೇಪ್‌ನಲ್ಲಿ ಬಿ ಒತ್ತಿದರೆ ಪೆನ್, ಎನ್ ಒತ್ತಿದರೆ ನೋಡ್ ತಿದ್ದುವ ಟೂಲ್. ದುಂಡು ಮೈಯ ಎಡತುದಿ, ತಳ, ಬಲತುದಿ, ನೆತ್ತಿ, ಇಲ್ಲಿ ಒಂದೊಂದು ನೋಡ್. ನೋಡಿನಿಂದ ಹೊರಚಾಚಿ ರೇಖೆಯನ್ನು ಬಾಗಿಸುವ ಹ್ಯಾಂಡಲ್‌ಗಳನ್ನು ಕಂಟ್ರೋಲ್ ಒತ್ತಿ ಹಿಡಿದು ಎಳೆದರೆ ನೇರ ಅಡ್ಡಕ್ಕೋ ಉದ್ದಕ್ಕೋ ನಿಲ್ಲಿಸಬಹುದು. ಹ್ಯಾಂಡಲ್ಲಿನ ಉದ್ದ ತ್ರಿಜ್ಯದ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 0.55 ಇದ್ದರೆ ಮೈ ದುಂಡಗಾಗುತ್ತದೆ. ನಿಜಕ್ಕೂ ಈ ಲೆಕ್ಕದಿಂದ ಪರಿಪೂರ್ಣ ವೃತ್ತ ಬರುವುದೇ ಇಲ್ಲ. ಆದರೆ ವ್ಯತ್ಯಾಸ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟೂ ಇಲ್ಲ, ಯಾವ ಕಣ್ಣಿಗೂ ಕಾಣದು. ಇನ್ನು ತಲೆಕಟ್ಟು. ಅದು ಚೂಪಾಗಿ ತಿರುಗುವಲ್ಲಿ ಕಸ್ಪ್ ನೋಡ್ ಬೇಕು, ಮಿಕ್ಕ ಕಡೆ ಸ್ಮೂತ್. ಒಂದೆಳೆಯಲ್ಲಿ ಬರೆದು ಆಮೇಲೆ ದಪ್ಪ ಕೊಟ್ಟರೆ ಹತ್ತು ನೋಡ್‌ಗಳೊಳಗೆ ‘ರ’ ಮುಗಿಯುತ್ತದೆ.

ಹ್ಯಾಂಡಲ್ಲಿನ ತುದಿ ರೇಖೆಯ ಮೇಲಿರುವುದಿಲ್ಲ, ಹೊರಗೆ ನಿಂತು ಅದನ್ನು ಎಳೆಯುತ್ತದೆ. ಹುಡುಗರು ತಡವರಿಸುವುದು ಇಲ್ಲಿಯೇ. ಮಲ್ಲೇಶ್ವರದ ಹುಡುಗಿಯೊಬ್ಬಳಿಗೆ ಮಾತ್ರ ನಾನು ಹೇಳಿಕೊಡಬೇಕಾಗಲಿಲ್ಲ. ಅಮ್ಮನ ಜೊತೆ ದಿನಾ ಬಾಗಿಲಿಗೆ ಎಳೆ ರಂಗೋಲಿ ಹಾಕುವವಳು ಅವಳು. “ಗೆರೆ ಚುಕ್ಕಿ ಮುಟ್ಟಬಾರದು, ಆದ್ರೆ ಚುಕ್ಕಿ ಇಲ್ದೆ ಗೆರೆ ಇಲ್ಲ ಅಲ್ವಾ ಸಾರ್?” ಎಂದಳು. ಹೌದು ತಾಯಿ ಎಂದೆ.

ಒಳ್ಳೆಯ ರೇಖೆ ಹೇಗಿರುತ್ತದೆಂದು ನೋಡಲು ಒಳ್ಳೆಯ ಫಾಂಟನ್ನೇ ಬಿಚ್ಚಬಹುದು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು, ಮುಂಬೈನ ಏಕ್ ಟೈಪ್ ತಂಡದ ಬಲೂ ತಮ್ಮ ಎಲ್ಲವೂ ಮುಕ್ತ ಪರವಾನಗಿಯ ಫಾಂಟುಗಳು. ಇಳಿಸಿಕೊಂಡು, ಒಂದು ‘ಳ’ ಹೊಡೆದು, ಕರ್ವ್ ಮಾಡಿ ನೋಡ್‌ಗಳನ್ನು ಎಣಿಸಿ. ಅವು ಎಷ್ಟು ಕಡಿಮೆ, ಎಲ್ಲೆಲ್ಲಿ ಇವೆ ಎಂದು ನೋಡುವುದೇ ಒಂದು ತರಗತಿ.

ಕೊನೆಯ ಪಾಠಕ್ಕೆ ಮಕ್ಕಳನ್ನು ರೇಡಿಯಂ ಕಟಿಂಗ್ ಅಂಗಡಿಗೆ ಕರೆದೊಯ್ಯುತ್ತೇನೆ, ಆಟೋ ಹಿಂದೆ ಅಂಟಿಸುವ ಅಕ್ಷರ ಕತ್ತರಿಸುವ ಕಡೆಗೆ. ಅಲ್ಲಿನ ಪ್ಲಾಟರಿಗೆ ಬಣ್ಣ ತಿಳಿಯದು, ರೇಖೆ ಮಾತ್ರ ತಿಳಿಯುತ್ತದೆ. ಸೂಜಿಯಂಥ ಬ್ಲೇಡು ಅದರ ಮೇಲೇ ಓಡುತ್ತದೆ. ಒಬ್ಬ ಹುಡುಗ ‘ಅಮ್ಮ’ ಎಂದು ಬರೆದು ತಂದಿದ್ದ. ‘ಮ’ದ ಮೈ ಬೇರೆ, ಒತ್ತು ಬೇರೆ, ಒಂದರ ಮೇಲೊಂದು ಕೂತಿದ್ದವು. ಪರದೆಯಲ್ಲಿ ಒಂದೇ ಅಕ್ಷರ, ಬ್ಲೇಡಿಗೆ ಎರಡು. ಕೂಡಿದ ಜಾಗದಲ್ಲಿ ಒತ್ತು ತುಂಡಾಗಿ ಕೈಗೆ ಬಂತು. ನೋಡ್ ಹೆಚ್ಚಿದ್ದ ಕಡೆ ಬ್ಲೇಡು ತಡೆತಡೆದು ನಡುಗಿ, ಅಂಚು ಹಲ್ಲುಹಲ್ಲಾಗಿತ್ತು.

ಹುಡುಗ ಅಲ್ಲೇ ಸ್ಟೂಲಿನ ಮೇಲೆ ಕೂತು ಎರಡನ್ನೂ ವೆಲ್ಡ್ ಮಾಡಿ ಒಂದೇ ಆಕಾರವಾಗಿಸಿದ. ಬೇಡದ ನೋಡ್‌ಗಳನ್ನು ಒಂದೊಂದಾಗಿ ತೆಗೆದ. ಎರಡನೇ ಸಲ ಬ್ಲೇಡು ಎಲ್ಲೂ ನಿಲ್ಲದೆ ಸುತ್ತಿ ಬಂತು. ಅಂಗಡಿಯವರು ಪಿನ್ನಿನ ಮೊನೆಯಿಂದ ಸುತ್ತಲಿನ ರೇಡಿಯಂ ಸುಲಿದರು, ಒತ್ತಿನ ಒಳಗಿನ ಚೂರನ್ನೂ ಎತ್ತಿ ತೆಗೆದರು, ಹಾಳೆಯನ್ನು ಬೆಳಕಿಗೆ ಹಿಡಿದರು.

“ಈಗ ಫೈಲ್ ಕ್ಲೀನಾಗಿದೆ” ಎಂದು ಅವನ ಕೈಗಿತ್ತರು.