ಬೇಡಿಕೆಯಿಲ್ಲದ ಪ್ರಾರ್ಥನೆ

ಯೇಸು ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯನ್ನು ಎಲ್ಲ ಕ್ರೈಸ್ತ ಪಂಗಡದವರೂ ಹೇಳುತ್ತಾರೆ. ಆದರೂ ಅದನ್ನು ಒಮ್ಮೆ ಕ್ಯಾಥೊಲಿಕ್ ಮನೆಯಲ್ಲಿ, ಇನ್ನೊಮ್ಮೆ ಸಿಎಸ್‌ಐನಂಥ ಪ್ರಾಟೆಸ್ಟಂಟ್ ಪಂಗಡದ ಮನೆಯಲ್ಲಿ ಕೇಳಿದರೆ ಕೊನೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕ್ಯಾಥೊಲಿಕರು ಕೇಡಿನಿಂದ ಬಿಡಿಸೆಂದು ಬೇಡಿ ಅಲ್ಲಿಗೆ ಮುಗಿಸುತ್ತಾರೆ. ಪ್ರಾಟೆಸ್ಟಂಟರು ಮುಂದುವರಿದು, ಆಳ್ವಿಕೆ, ಶಕ್ತಿ, ಹಿರಿಮೆಗಳೆಲ್ಲ ದೇವರಿಗೇ ಸೇರಿದ್ದೆಂದು ಕೊಂಡಾಡುವ ಸಾಲೊಂದನ್ನು ಸೇರಿಸುತ್ತಾರೆ.

ಲೂಕನ ಸುವಾರ್ತೆಯಲ್ಲಿ ಈ ಸಾಲಿಲ್ಲ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಪೂರ್ಣ ಪ್ರತಿಗಳಾದ 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲೂ ಇಲ್ಲ. ಆದರೆ ‘ಡಿಡಖೆ’ ಎಂಬ ಆದಿಸಭೆಯ ಕೈಪಿಡಿಯಲ್ಲಿ ಇದರ ಚಿಕ್ಕ ರೂಪವೊಂದಿದೆ. ಯೆಹೂದ್ಯರಲ್ಲಿ ಪ್ರಾರ್ಥನೆಯನ್ನು ದೇವರ ಕೊಂಡಾಟದಿಂದ ಮುಗಿಸುವುದು ವಾಡಿಕೆ. ಆ ವಾಡಿಕೆಯಲ್ಲೇ ಬೆಳೆದ ಮೊದಲ ಕ್ರೈಸ್ತರಿಗೆ ಬೇಡಿಕೆಯ ಮೇಲೆ ಮಾತು ನಿಲ್ಲಿಸಲು ಮನಸ್ಸು ಬಂದಿರಲಾರದು. 1969ರಲ್ಲಿ ಪರಿಷ್ಕಾರಗೊಂಡ ಕ್ಯಾಥೊಲಿಕ್ ಬಲಿಪೂಜೆಗೂ ಈ ಸ್ತುತಿ ಬಂದು ಸೇರಿತು. ಗುರುಗಳ ಒಂದು ಸಣ್ಣ ಪ್ರಾರ್ಥನೆಯಾದ ಮೇಲೆ ಜನರೆಲ್ಲ ಅದನ್ನು ಹೇಳುತ್ತಾರೆ.

ಪ್ರಾರ್ಥನೆಯ ಆರಂಭವೂ ಹಾಗೆಯೇ. ಅನ್ನದ ಮಾತು ಬರುವುದು ನಾಲ್ಕನೆಯದಾಗಿ. ಅದಕ್ಕೆ ಮೊದಲು ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ. ವ್ಯಾಕರಣದ ಲೆಕ್ಕದಲ್ಲಿ ಇವೂ ಬೇಡಿಕೆಗಳೇ ನಿಜ, ಆದರೆ ಬೇಡಿದವನ ಜೋಳಿಗೆಗೆ ಇವುಗಳಿಂದ ಏನೂ ಬೀಳುವುದಿಲ್ಲ.

ಸ್ತುತಿಯೂ ಕೃತಜ್ಞತೆಯೂ ಒಂದೇ ಅಲ್ಲವೆ ಎಂದು ಕೇಳುವವರುಂಟು. ದಕ್ಷಿಣ ಕನ್ನಡದ ಕ್ಯಾಥೊಲಿಕರು ಸೆಪ್ಟೆಂಬರ್ 8ರ ತೆನೆಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ತರುವುದು ಕೃತಜ್ಞತೆ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಲು ಏನೋ ಇದೆ. ಸ್ತುತಿಗೆ ಅಂಥ ಕಾರಣ ಬೇಕಿಲ್ಲ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಇವೆರಡನ್ನೂ ಬೇರೆಬೇರೆ ಬಗೆಯ ಪ್ರಾರ್ಥನೆಗಳೆಂದೇ ಗಣಿಸುತ್ತದೆ. ದೇವರು ಏನು ಮಾಡಿದ ಎಂಬುದನ್ನು ದಾಟಿ, ಅವನು ದೇವರು ಎಂಬ ಒಂದೇ ಕಾರಣಕ್ಕೆ ಕೊಂಡಾಡುವುದು ಸ್ತುತಿ ಎಂಬುದು ಅದರ ವಿವರಣೆ. ಬಾಯಿಂದ ಬರುವಾಗ ಎರಡೂ ಬೆರೆತೇ ಬರುತ್ತವೆ, ಅದು ಬೇರೆ ಮಾತು.

ಇಲ್ಲೊಂದು ತಕರಾರು ಏಳುತ್ತದೆ, ಏಳಲೇಬೇಕು. ಹೊಗಳಿಕೆಗಾಗಿ ಕಾದು ಕೂರುವ ದೇವರು ಎಂಥ ದೇವರು? ಹೊಗಳುಭಟರನ್ನು ಸುತ್ತ ಕೂರಿಸಿಕೊಂಡ ಪಾಳೆಯಗಾರನಿಗೂ ಅವನಿಗೂ ಏನು ಅಂತರ? ನಾಸ್ತಿಕರಷ್ಟೇ ಕೇಳಿದ ಪ್ರಶ್ನೆ ಇದಲ್ಲ. ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ನಾಸ್ತಿಕತೆಯಿಂದ ನಂಬಿಕೆಯ ಕಡೆ ಬರುತ್ತಿದ್ದಾಗ ಇದೇ ಅವರ ಕಾಲಿಗೆ ತೊಡರಿತ್ತು. ಬೈಬಲಿನ ಕೀರ್ತನೆಗಳನ್ನು ಕುರಿತು 1958ರಲ್ಲಿ ಬರೆದ ಪುಸ್ತಕದಲ್ಲಿ ಅವರು ಈ ಮುಜುಗರವನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಅವರಿಗೆ ದೊರೆತ ಉತ್ತರ ಸರಳ. ಮನುಷ್ಯ ತನಗೆ ಹಿಡಿಸಿದ್ದನ್ನು ಹೊಗಳದೆ ಇರಲಾರ, ಹೊಗಳಿದಾಗಲೇ ಆ ಸಂತೋಷ ಪೂರ್ತಿಯಾಗುವುದು. ಕಛೇರಿಯಲ್ಲಿ ರಾಗವೊಂದು ತುಂಬಿ ಬಂದಾಗ ಪಕ್ಕದಲ್ಲಿ ಕೂತ ಅಪರಿಚಿತನ ಕಡೆ ತಿರುಗಿ ‘ಭೇಷ್’ ಎನ್ನುತ್ತೇವಲ್ಲ, ಅದರಿಂದ ಗಾಯಕನಿಗೆ ಲಾಭವೇನೂ ಇಲ್ಲ; ಕೇಳಿದ್ದು ನಮ್ಮದಾಗುವುದು ಹಾಗೆ.

13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದನ್ನು ಹೆಚ್ಚು ಬಿಗಿಯಾಗಿ ವಾದಿಸಿದ್ದರು. ದೇವರಿಗೆ ಹೃದಯ ಗೊತ್ತಿರುವಾಗ ಬಾಯಿಬಿಟ್ಟು ಹೊಗಳುವುದೇಕೆ ಎಂಬ ಪ್ರಶ್ನೆಯನ್ನು ತಾವೇ ಎತ್ತಿಕೊಂಡು, ಅದು ಹೊಗಳುವವನಿಗಾಗಿ ಮತ್ತು ಕೇಳುವವರಿಗಾಗಿ, ಅವರ ಮನಸ್ಸು ಮೇಲೇಳುವುದಕ್ಕಾಗಿ ಎಂದರು. ಲೂಯಿಸರ ಉತ್ತರ ಬೆಚ್ಚಗಿದೆ, ಅಕ್ವಿನಾಸರದು ಗಟ್ಟಿಯಾಗಿದೆ. ಸಂತೋಷವೇ ಇಲ್ಲದ ದಿನವೂ ಸ್ತುತಿಸುವ ಅಭ್ಯಾಸಕ್ಕೆ ಎರಡನೆಯದೇ ಹೆಚ್ಚು ಆಸರೆ ಎಂದು ನನಗನಿಸುತ್ತದೆ.

ಸ್ತುತಿಯ ಒಂದೇ ಒಂದು ಸಾಲು ಸಭೆಯನ್ನು ಕದಡಿದ ಸಂದರ್ಭವೂ ಇದೆ. ಇಂದಿನ ಟರ್ಕಿಯಲ್ಲಿರುವ ಕೈಸರೇಯದಲ್ಲಿ 4ನೆಯ ಶತಮಾನದಲ್ಲಿ ಬೆಸಿಲ್ ಬಿಷಪ್ ಆಗಿದ್ದರು. ತಂದೆಯನ್ನು ಮಗನ ಮೂಲಕ, ಪವಿತ್ರಾತ್ಮನಲ್ಲಿ ಸ್ತುತಿಸುವುದು ಜನರ ಬಾಯಲ್ಲಿದ್ದ ರೂಢಿ. ಬೆಸಿಲ್ ಅದರ ಜೊತೆಗೆ, ತಂದೆಯನ್ನು ಮಗನೊಂದಿಗೆ, ಪವಿತ್ರಾತ್ಮನೂ ಸೇರಿದಂತೆ ಸ್ತುತಿಸುವ ಇನ್ನೊಂದು ರೂಪವನ್ನೂ ಬಳಸಿದರು. ಕೆಲವರು ಅದನ್ನು ಹಿಡಿದುಕೊಂಡರು. ಇದು ಹೊಸದು, ಇದರಿಂದ ಮೂವರೂ ಸಮಾನರಾಗಿಬಿಡುತ್ತಾರೆ ಎಂದು ಆಕ್ಷೇಪಿಸಿದರು. ಬೆಸಿಲರ ಉದ್ದೇಶವೂ ಸರಿಸುಮಾರು ಅದೇ ಆಗಿತ್ತೆನ್ನಿ! 375ರ ಸುಮಾರಿಗೆ ಅವರು ಪವಿತ್ರಾತ್ಮನ ಕುರಿತು ಒಂದು ಇಡೀ ಗ್ರಂಥ ಬರೆದು ಈ ಪುಟ್ಟ ವಿಭಕ್ತಿಗಳನ್ನು ಸಮರ್ಥಿಸಿಕೊಂಡರು. ಸಂಜೆ ದೀಪ ಹಚ್ಚುವಾಗ ಸಾಮಾನ್ಯ ಜನ ಹಾಡಿಕೊಂಡು ಬಂದ ಹಳೆಯ ಹಾಡೊಂದನ್ನೂ ಸಾಕ್ಷಿಗೆ ಕರೆದರು. ಅವರು 379ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಕಾನ್‌ಸ್ಟಾಂಟಿನೋಪಲ್‌ನ ಮಹಾಸಭೆಯೊಂದಿಗೆ ಗುರುತಿಸಲಾಗುವ ವಿಶ್ವಾಸ ಪ್ರಮಾಣವು ಪವಿತ್ರಾತ್ಮನನ್ನು ದೇವರು ಎಂದು ನೇರವಾಗಿ ಕರೆಯಲಿಲ್ಲ. ತಂದೆ ಮತ್ತು ಮಗನ ಜೊತೆಗೆ ಅವನಿಗೂ ಆರಾಧನೆ, ಮಹಿಮೆ ಸಲ್ಲುತ್ತದೆ ಎಂದು ಹೇಳಿತು. ಯಾರನ್ನು ಸ್ತುತಿಸುತ್ತೇವೆ ಎಂಬುದರಿಂದಲೇ ಸಿದ್ಧಾಂತ ಇತ್ಯರ್ಥವಾಯಿತು. ಜಪಸರದಲ್ಲಿ ಹತ್ತು ಮಣಿಗಳಿಗೊಮ್ಮೆ ಬರುವ ಕಿರು ಸ್ತುತಿ ಇದೇ ಮೂವರ ಹೆಸರಿನದು.

ಇಷ್ಟಾದರೂ ಕ್ರೈಸ್ತರು ಸ್ತುತಿಯನ್ನು ಕಲಿತ ಪಾಠಶಾಲೆ ಕೀರ್ತನೆಗಳ ಪುಸ್ತಕವೇ. ಯೆಹೂದ್ಯರಿಂದ ಬಂದ ಈ 150 ಹಾಡುಗಳು ಐದು ಭಾಗಗಳಾಗಿವೆ, ಪ್ರತಿ ಭಾಗವೂ ಸ್ತುತಿಯಲ್ಲಿ ಮುಗಿಯುತ್ತದೆ. ಆದರೆ ಒಳಗೆ ಹೊಕ್ಕರೆ ಉದ್ದಕ್ಕೂ ಕೇಳುವುದು ಗೋಳು, ದೂರು, ಜಗಳ. 13ನೆಯ ಕೀರ್ತನೆ ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ದೇವರನ್ನು ತರಾಟೆಗೆ ತೆಗೆದುಕೊಂಡು ಶುರುವಾಗುತ್ತದೆ. ಆರೇ ವಚನಗಳಲ್ಲಿ ಹಾಡಾಗಿ ಮುಗಿಯುತ್ತದೆ. ನಡುವೆ ಏನಾಯಿತು, ಕಷ್ಟ ತೀರಿತೆ, ಹೇಳುವುದಿಲ್ಲ. ಗೋಳು ಮತ್ತು ಸ್ತುತಿ ಕೀರ್ತನೆಗಳ ಎರಡು ತುದಿಗಳು, ಗೋಳಿನ ಹಾಡು ಸಾಮಾನ್ಯವಾಗಿ ಸ್ತುತಿಯ ಕಡೆಗೇ ನಡೆಯುತ್ತಿರುತ್ತದೆ ಎಂದು ಜರ್ಮನ್ ವಿದ್ವಾಂಸ ಕ್ಲಾಸ್ ವೆಸ್ಟರ್‌ಮನ್ ತೋರಿಸಿಕೊಟ್ಟರು. ನಿಂದಾಸ್ತುತಿಯ ರುಚಿ ಗೊತ್ತಿರುವ ಕನ್ನಡಿಗರಿಗೆ ದೇವರನ್ನು ಹೀಗೆ ಬೈಯುವುದು ಹೊಸದೇನಲ್ಲ. ಆದರೆ ನಿಂದಾಸ್ತುತಿಯ ಬೈಗುಳದಲ್ಲಿ ಸಲಿಗೆಯ ಚೇಷ್ಟೆ ಇರುತ್ತದೆ; ಇಲ್ಲಿ ಇರುವುದು ನಿಜವಾದ ಸಿಟ್ಟು.

ಈ ಗೋಳನ್ನು ಬಿಟ್ಟು ಸ್ತುತಿಯನ್ನಷ್ಟೇ ಎತ್ತಿಕೊಂಡರೆ ಅದು ತಂತ್ರವಾಗಿಬಿಡುತ್ತದೆ. ಬೈಬಲಿನ ಯೆಹೋಷಾಫಾಟ ರಾಜ ಸೈನ್ಯದ ಮುಂದೆ ಹಾಡುಗಾರರನ್ನು ನಿಲ್ಲಿಸಿ ಗೆದ್ದ ಕಥೆಯನ್ನು ಹೇಳಿ, ಹೀಗೆ ಸ್ತುತಿಸಿದರೆ ನಿಮ್ಮ ರೋಗವೂ ಸಾಲವೂ ಓಡಿಹೋಗುತ್ತವೆ ಎಂದು ಮಾತು ಕೊಡುವ ಬೋಧಕರಿದ್ದಾರೆ. ಆಗ ಸ್ತುತಿ ಎಂಬುದು ವೇಷ ಬದಲಿಸಿದ ಬೇಡಿಕೆ, ಇನ್ನೂ ಬಿಚ್ಚಿ ಹೇಳಿದರೆ ಮುಂಗಡ. ಯೋಬನ ಪುಸ್ತಕದ ಆರಂಭದಲ್ಲಿ ಸೈತಾನ ಎತ್ತುವ ಆರೋಪವೂ ಇದೇ: ಇವನ ಭಕ್ತಿ ಪುಕ್ಕಟೆಯದೆ? ಎಲ್ಲವನ್ನೂ ಕಳೆದುಕೊಂಡ ಯೋಬ ಮೊದಲು ದೇವರನ್ನು ಕೊಂಡಾಡುತ್ತಾನೆ. ಆಮೇಲೆ ಅಧ್ಯಾಯಗಟ್ಟಲೆ ವಾದಕ್ಕೆ ನಿಲ್ಲುತ್ತಾನೆ. ಕೊನೆಗೆ ದೇವರು ಸರಿಯಾಗಿ ಮಾತಾಡಿದವನೆಂದು ಒಪ್ಪಿಕೊಳ್ಳುವುದು ಅವನನ್ನೇ ಹೊರತು ದೇವರ ಪರ ವಕೀಲಿಕೆ ಮಾಡಿದ ಗೆಳೆಯರನ್ನಲ್ಲ.

88ನೆಯ ಕೀರ್ತನೆ ಸ್ತುತಿಯ ಕಡೆ ತಿರುಗುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕ್ಯಾಥೊಲಿಕ್ ಗುರುಗಳು, ಸನ್ಯಾಸಿನಿಯರು ಹೇಳುವ ದೈನಂದಿನ ಪ್ರಾರ್ಥನೆಯಲ್ಲಿ ಅದನ್ನು ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುಂಚಿನ ಹೊತ್ತಿಗೆ ಇಟ್ಟಿದ್ದಾರೆ. ಅದರ ಬೆನ್ನಿಗೇ, ಉಳಿದ ಕೀರ್ತನೆಗಳಿಗೆ ಮಾಡುವಂತೆ, ಮೂವರ ಹೆಸರಿನ ಆ ಕಿರು ಸ್ತುತಿಯನ್ನು ಹೇಳುತ್ತಾರೆ. ಕೀರ್ತನೆಕಾರ ಬಿಟ್ಟದ್ದನ್ನು ಸಭೆ ತುಂಬಿಸುತ್ತದೆ ಎಂದು ಮೆಚ್ಚಬಹುದು. ಅಳುವವನ ಬಾಯಿಗೆ ಕೈ ಅಡ್ಡ ಹಿಡಿದಂತಾಯಿತು ಎಂದು ಕಸಿವಿಸಿಪಡಲೂಬಹುದು. ಆ ಕಸಿವಿಸಿ ಹಿಂದಿನವರಿಗೂ ಇದ್ದಿರಬೇಕು. ಲ್ಯಾಟಿನ್ ಸಭೆಯ ಹಳೆಯ ಕ್ರಮದಲ್ಲಿ ಈಸ್ಟರ್‌ಗೆ ಮುಂಚಿನ ಮೂರು ದಿನ ಯಾವ ಕೀರ್ತನೆಯ ಕೊನೆಯಲ್ಲೂ ಆ ಸ್ತುತಿಯನ್ನು ಹೇಳುತ್ತಿರಲಿಲ್ಲ.