ಹೊಸದಾಗಿ ತಂದ ನಾಯಿಮರಿಗೆ ತಕ್ಕ ಆಹಾರ

ದನಕರುಗಳ ಮೇವಿನ ವಿಷಯದಲ್ಲಿ ಎಚ್ಚರಿಕೆಯುಳ್ಳ ನಮ್ಮ ಜನರು ನಾಯಿಮರಿಯ ಆಹಾರದ ವಿಷಯದಲ್ಲಿ ಅಷ್ಟಾಗಿ ಲಕ್ಷ್ಯವಿಡುವುದಿಲ್ಲ. ಉಂಡು ಮಿಕ್ಕುದು ನಾಯಿಯ ಪಾಲೆಂಬುದು ಬಹುಕಾಲದ ರೂಢಿ. ಬೆಳೆದ ನಾಯಿಯಲ್ಲಿ ಇದರ ಹಾನಿಯು ಬೇಗನೆ ಕಾಣಬರುವುದಿಲ್ಲ. ಮರಿಯ ಸಂಗತಿ ಹಾಗಲ್ಲ. ಅದರ ಎಲುಬುಗಳು ಮೊದಲ ಕೆಲವು ತಿಂಗಳುಗಳಲ್ಲಿ ಅತಿ ವೇಗವಾಗಿ ಬೆಳೆಯುತ್ತವೆ. ಆ ಕಾಲದಲ್ಲಿ ಉಂಟಾದ ಕೊರತೆಯನ್ನು ಮುಂದೆ ಎಷ್ಟು ಒಳ್ಳೆಯ ಆಹಾರದಿಂದಲೂ ಪೂರ್ತಿಯಾಗಿ ಸರಿಪಡಿಸಲು ಸಾಧ್ಯವಾಗದೆ ಹೋಗಬಹುದು. ಆದಕಾರಣ ಮರಿಯನ್ನು ಮನೆಗೆ ತರುವುದಕ್ಕೆ ಮುಂಚೆಯೇ ಅದರ ಆಹಾರವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಬೆಂಗಳೂರಿನ ಬಸವನಗುಡಿಯು 19ನೆಯ ಶತಮಾನದ ಕೊನೆಯಲ್ಲಿ, ಪ್ಲೇಗಿನ ಹಾವಳಿಯ ದಿನಗಳಲ್ಲಿ, ಗಾಳಿ ಬೆಳಕುಗಳಿಗೆ ಧಾರಾಳವಾಗಿ ಅವಕಾಶವಿಟ್ಟು ಏರ್ಪಟ್ಟ ಬಡಾವಣೆ. ಅಂಗಳ ಹಿತ್ತಿಲುಗಳಿದ್ದ ಮನೆಗಳಲ್ಲಿ ನಾಯಿಯು ಹೊರಗಿರುತ್ತಿತ್ತು. ಈಗ ಅನೇಕ ಕಡೆ ಮಹಡಿಯ ಮೇಲೆ ಮಹಡಿ ಎದ್ದು, ನಾಯಿಯು ಮನೆಯೊಳಕ್ಕೆ ಬಂದಿದೆ. ಹಿರಿಯರಲ್ಲಿ ಕೆಲವರು, "ನಮ್ಮ ಕಾಲದ ನಾಯಿಗಳು ಮಜ್ಜಿಗೆ ಅನ್ನವನ್ನು ತಿಂದೇ ಬದುಕಲಿಲ್ಲವೇ?" ಎಂದು ಕೇಳುವುದುಂಟು. ಹಿತ್ತಿಲಿನ ನಾಯಿಯು ಇಲಿ, ಹೆಗ್ಗಣ ಮೊದಲಾದವುಗಳನ್ನು ಹಿಡಿದು ತಿಂದು ತನ್ನ ಕೊರತೆಯನ್ನು ಒಂದಿಷ್ಟು ತಾನೇ ತುಂಬಿಕೊಳ್ಳುತ್ತಿತ್ತು. ಬದುಕದೆ ಹೋದ ಮರಿಗಳನ್ನು ಯಾರೂ ಲೆಕ್ಕವಿಡಲಿಲ್ಲ. ಬಾಗಿಲು ಹಾಕಿದ ಮನೆಯಲ್ಲಿರುವ ಮರಿಗೆ ನಾವು ತಟ್ಟೆಯಲ್ಲಿ ಇಟ್ಟುದರ ಹೊರತು ಬೇರೆ ಗತಿಯಿಲ್ಲ.

ಹಾಲು ಅನ್ನ

ಮರಿಯು ಬಂದ ಕೂಡಲೇ ಹಸುವಿನ ಹಾಲನ್ನು ಇಡುವುದು ಸಾಮಾನ್ಯ. 100 ಗ್ರಾಂ ಹಸುವಿನ ಹಾಲಿನಲ್ಲಿ ಪ್ರೋಟೀನು ಎಂಬ ಮಾಂಸವರ್ಧಕ ಸತ್ತ್ವವು 3 ಗ್ರಾಂಗಿಂತ ಸ್ವಲ್ಪ ಹೆಚ್ಚು, ಕೊಬ್ಬು ಸುಮಾರು 4 ಗ್ರಾಂ. ತಾಯಿನಾಯಿಯ ಹಾಲಿನಲ್ಲಿ ಇವೆರಡೂ ಸುಮಾರು ಇಮ್ಮಡಿಯಷ್ಟು ಇರುತ್ತವೆ. ಹಾಲಿನ ಸಕ್ಕರೆ ಮಾತ್ರ ಹಸುವಿನ ಹಾಲಿಗಿಂತ ಕಡಿಮೆ. ಮರಿಯು ಸಾಧಾರಣವಾಗಿ 3-4 ವಾರಗಳಿಂದ ಮೆತ್ತಗಿನ ಆಹಾರವನ್ನು ನೆಕ್ಕಲಾರಂಭಿಸಿ, 8 ವಾರಗಳ ಹೊತ್ತಿಗೆ ತಾಯಿಹಾಲನ್ನು ಬಿಡುತ್ತದೆ. ಆಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ಕುಗ್ಗುತ್ತ ಬರುವುದರಿಂದ, ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿಯನ್ನುಂಟುಮಾಡುತ್ತದೆ. ಹಾಲಿಗೆ ನೀರು ಬೆರಸಿದರೆ ಇರುವ ಸತ್ತ್ವವೂ ಕಡಿಮೆಯಾಗುವುದೇ ಹೊರತು ಪ್ರಯೋಜನವಿಲ್ಲ. 8 ವಾರಗಳಿಗೆ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಕೂಡದು.

ಅನ್ನ, ರಾಗಿ, ಮಾಂಸ

ನಾಯಿಯು ಧಾನ್ಯವನ್ನು ಜೀರ್ಣಿಸಲಾರದೆಂಬ ಮಾತು ನಿಜವಲ್ಲ. ಮನುಷ್ಯರೊಡನೆ ಬಾಳಿದ ನಾಯಿಯು ಪಿಷ್ಟವನ್ನು ಜೀರ್ಣಿಸುವುದರಲ್ಲಿ ತೋಳಕ್ಕಿಂತ ಸಮರ್ಥವಾಗಿದೆಯೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಪರೀಕ್ಷಿಸಿ ತೋರಿಸಿದರು. ಆದರೆ ಜೀರ್ಣವಾಗುವುದು ಬೇರೆ, ಬೆಳವಣಿಗೆಗೆ ಸಾಲುವುದು ಬೇರೆ.

ಅಮೆರಿಕದ ಪಶ್ವಾಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಮಾಡಿರುವ ಪ್ರಮಾಣದಂತೆ, ತೇವವನ್ನು ಕಳೆದು ಲೆಕ್ಕಹಾಕಿದರೆ ಬೆಳೆಯುವ ಮರಿಯ 100 ಗ್ರಾಂ ಆಹಾರದಲ್ಲಿ ಕನಿಷ್ಠ 22.5 ಗ್ರಾಂ ಪ್ರೋಟೀನು, 8.5 ಗ್ರಾಂ ಕೊಬ್ಬು, 1.2 ಗ್ರಾಂ ಸುಣ್ಣದ ಅಂಶ ಇರತಕ್ಕದ್ದು. ಅಕ್ಕಿಯಲ್ಲಿ ಪ್ರೋಟೀನು 7-8 ಗ್ರಾಂ ಮಾತ್ರ. ಸುಣ್ಣದ ಅಂಶವು ಇಲ್ಲವೆನ್ನುವಷ್ಟು ಅಲ್ಪ. ರಾಗಿಯು ಧಾನ್ಯಗಳಲ್ಲೆಲ್ಲ ಸುಣ್ಣದ ಅಂಶಕ್ಕೆ ಹೆಸರಾದುದು ಸರಿಯೆ. ಆದರೂ 100 ಗ್ರಾಂ ರಾಗಿಯಲ್ಲಿ ಅದು ಇರುವುದು ಸುಮಾರು 0.35 ಗ್ರಾಂ. ಅದರಲ್ಲಿಯೂ ಒಂದು ಭಾಗವನ್ನು ರಾಗಿಯಲ್ಲಿಯೇ ಇರುವ ಫೈಟಿಕ್ ಆಮ್ಲವು ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ರಾಗಿಯ ಪ್ರೋಟೀನೂ ಸುಮಾರು 7 ಗ್ರಾಂ. ಆದುದರಿಂದ ಮುದ್ದೆ ಅಥವಾ ಅಂಬಲಿಯನ್ನು ಮಾತ್ರ ನಂಬಿದರೆ ಮರಿಯ ಹೊಟ್ಟೆಯು ತುಂಬುವುದು, ದೇಹವು ಬೆಳೆಯದು.

ಹಾಗೆಂದು ಬರಿಯ ಮಾಂಸವನ್ನು ಕೊಡುವುದೂ ತಪ್ಪು. ಆಹಾರದಲ್ಲಿ ಸುಣ್ಣದ ಅಂಶವು ರಂಜಕಕ್ಕೆ ಸಮನಾಗಿಯಾದರೂ, ಹೆಚ್ಚೆಂದರೆ ಅದರ ಎರಡರಷ್ಟಾದರೂ ಇರಬೇಕು. ಎಲುಬಿಲ್ಲದ ಮಾಂಸದಲ್ಲಿ ರಂಜಕವು ಸುಣ್ಣದ ಅಂಶಕ್ಕಿಂತ ಹತ್ತು ಇಪ್ಪತ್ತು ಪಾಲು ಹೆಚ್ಚಾಗಿರುತ್ತದೆ. ಇಂತಹ ಆಹಾರದಿಂದ ದೇಹವು ಎಲುಬಿನಲ್ಲಿರುವ ಸುಣ್ಣವನ್ನೇ ಕರಗಿಸಿಕೊಳ್ಳತೊಡಗಿ, ಕಾಲುಗಳು ಬಾಗುವುವು. ಸ್ವಲ್ಪ ಹಾರಿದರೂ ಎಲುಬು ಮುರಿಯುವುದುಂಟು.

ಯಾವುದನ್ನು ಆರಿಸಬೇಕು

ಸಂಸಾರಿಗಳಿಗೆ ಅತ್ಯಂತ ನಿರಪಾಯವಾದ ಮಾರ್ಗವೆಂದರೆ ಮರಿಗಳಿಗೆಂದೇ ತಯಾರಾದ ಪೂರ್ಣಾಹಾರವನ್ನು ಮುಖ್ಯ ಆಹಾರವನ್ನಾಗಿ ಮಾಡುವುದು. ಚೀಲದ ಮೇಲಿನ ಚಿತ್ರವನ್ನು ನೋಡಿ ಮರುಳಾಗದೆ, ಅದು ಬೆಳೆಯುವ ಮರಿಗೆ ಅಥವಾ ಎಲ್ಲ ವಯಸ್ಸಿನ ನಾಯಿಗಳಿಗೆ ಪೂರ್ಣವಾದ ಆಹಾರವೆಂದು ಸ್ಪಷ್ಟವಾಗಿ ಬರೆದಿದೆಯೇ ಎಂಬುದನ್ನು ಓದಬೇಕು. ಬೆಳೆದ ನಾಯಿಯ ಆಹಾರವು ಮರಿಗೆ ಸಾಲದು. ತಯಾರಾದ ಮತ್ತು ಕೆಡುವ ದಿನಾಂಕಗಳನ್ನು ನೋಡತಕ್ಕದ್ದು. ಬಾಯಿ ತೆರೆದ ಚೀಲದಿಂದ ಬಿಡಿಯಾಗಿ ತೂಗಿಕೊಡುವುದನ್ನು ಕೊಳ್ಳಕೂಡದು.

ಬೆಳೆದಾಗ ಸುಮಾರು 32 ಕಿಲೋಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ತೂಗುವ ಜಾತಿಗಳ ಮರಿಗಳಿಗೆ ಸುಣ್ಣದ ಅಂಶವು 100 ಗ್ರಾಂಗೆ 1.8 ಗ್ರಾಂ ಮೀರಕೂಡದು. ಇಂತಹ ಮರಿಗಳಿಗೆ ಬೇರೆ ಆಹಾರವೇ ದೊರೆಯುತ್ತದೆ. ಪೂರ್ಣಾಹಾರದೊಡನೆ ಸುಣ್ಣದ ಗುಳಿಗೆಗಳನ್ನೋ ಔಷಧವನ್ನೋ ತಮ್ಮ ಇಷ್ಟದಂತೆ ಕೊಡುವುದರಿಂದ ಎಲುಬು ಗಟ್ಟಿಯಾಗುವುದಕ್ಕೆ ಬದಲಾಗಿ ವಕ್ರವಾಗಬಹುದು.

ಮಾಂಸವನ್ನು ಒಳಕ್ಕೆ ತರದ ಮನೆಗಳು ಬಸವನಗುಡಿಯಲ್ಲಿ ಬಹಳವಾಗಿವೆ. ಅಂತಹವರು ನಾಯಿಯನ್ನು ಸಾಕಬಾರದೆಂದು ಅರ್ಥವಲ್ಲ. ಒಣ ಆಹಾರವನ್ನು ಅಡಿಗೆಮನೆಯಿಂದ ಬೇರೆಯಾಗಿ, ಮುಚ್ಚಿದ ಡಬ್ಬದಲ್ಲಿ ಇಡಬಹುದು. ಅದೂ ಸಮ್ಮತವಾಗದಿದ್ದರೆ ಶಾಕಾಹಾರದ ಸಿದ್ಧಾಹಾರಗಳುಂಟು. ಅವು ಮರಿಯ ಬೆಳವಣಿಗೆಗೆ ಪೂರ್ಣವೆಂದು ಬರೆದಿದ್ದರೆ ಮಾತ್ರ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬಹುದು. ಮನೆಯಲ್ಲಿಯೇ ಬೇಯಿಸುವವರು ಅನ್ನ, ಬೇಳೆ, ಪನೀರು, ಮೊಟ್ಟೆಗಳನ್ನು ಕೂಡಿಸಿದರೂ ಖನಿಜ ಮತ್ತು ಜೀವಸತ್ತ್ವಗಳ ಮಿಶ್ರಣವನ್ನು ವೈದ್ಯರು ತೂಕಮಾಡಿ ಹೇಳಿದಂತೆ ಸೇರಿಸಲೇಬೇಕು. ಇದಾವುದೂ ಸಾಧ್ಯವಿಲ್ಲವೆಂದು ತೋರಿದರೆ ಮರಿಯನ್ನು ತಾರದಿರುವುದೇ ದಯೆ.

ಅಳತೆ ಮತ್ತು ವೇಳೆ

3 ತಿಂಗಳವರೆಗೆ ದಿನಕ್ಕೆ 4 ಸಲ, 6 ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಕೊಡುವುದು ವಿಹಿತ. ಅತಿ ಸಣ್ಣ ಜಾತಿಯ ಮರಿಗಳು ಬಹಳ ಹೊತ್ತು ಹಸಿದಿದ್ದರೆ ರಕ್ತದಲ್ಲಿನ ಸಕ್ಕರೆಯು ಇಳಿದು ಮೂರ್ಛೆಹೋಗಬಹುದು. 4 ತಿಂಗಳೊಳಗಿನ, 4 ಕಿಲೋಗ್ರಾಂ ತೂಗುವ ಮರಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕಾಗುವುದು; ಒಣ ಆಹಾರದಲ್ಲಿ ಇದು ಸುಮಾರು 150ರಿಂದ 170 ಗ್ರಾಂ. ಇದನ್ನು ತೂಗಿ, ಪಾಲುಮಾಡಿ, ಬೇಕಾದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಇಡಬಹುದು. ಮೊಸರು, ಬೇಯಿಸಿದ ಮೊಟ್ಟೆ, ಅನ್ನ ಮೊದಲಾದ ಮನೆಯ ಪದಾರ್ಥಗಳು ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಗ್ಲೂಕೋಸ್ ಬಿಸ್ಕತ್ತನ್ನು ಆಹಾರವೆಂದು ಎಣಿಸಲೇಬಾರದು.

ಮರಿಯು ಹಿಂದಿದ್ದ ಸ್ಥಳದಲ್ಲಿ ಏನು ತಿನ್ನುತ್ತಿತ್ತೆಂಬುದನ್ನು ವಿಚಾರಿಸಿ, ಮೊದಲು ಅದನ್ನೇ ಕೊಟ್ಟು, ಹೊಸ ಆಹಾರವನ್ನು ದಿನದಿನಕ್ಕೆ ಹೆಚ್ಚಿಸುತ್ತ 7 ದಿವಸಗಳಲ್ಲಿ ಪೂರ್ತಿಯಾಗಿ ಬದಲಿಸತಕ್ಕದ್ದು. ಶುದ್ಧವಾದ ನೀರು ಸದಾ ಇರಬೇಕು. ಹೊಟ್ಟೆಯಲ್ಲಿ ಜಂತುಗಳಿದ್ದರೆ ಎಂತಹ ಆಹಾರವೂ ಮೈಗೆ ಹತ್ತದಾದ್ದರಿಂದ, ಬಂದ ವಾರದಲ್ಲಿಯೇ ಪಶುವೈದ್ಯರಿಗೆ ತೋರಿಸಿ ಜಂತುವಿನ ಔಷಧವನ್ನೂ ಲಸಿಕೆಯನ್ನೂ ಕ್ರಮಪಡಿಸಿಕೊಳ್ಳಬೇಕು.

ವರ್ಜ್ಯವಾದುವು

ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಅವು ಬಿದ್ದ ಹುಳಿ, ಪಲ್ಯಗಳನ್ನು ಕಲಸಿದ ಅನ್ನವನ್ನು ಇಡಕೂಡದು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡಗಳು ಕೆಡಬಹುದಾದ್ದರಿಂದ ಹಬ್ಬದ ಪಾಯಸವೂ ಸಲ್ಲದು. ಚಾಕೊಲೇಟು ವಿಷಪ್ರಾಯ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುವುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆದ ಮೇಲೆ ಬಸವನಗುಡಿಯ ಮನೆಗಳಲ್ಲಿ ಕಡಲೆಕಾಯಿಯು ಉಳಿದಿರುವುದು ಸಹಜ. ತೇವದಿಂದ ಬೂಸಲು ಹಿಡಿದ ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಮನುಷ್ಯರು ಬಿಸಾಡುವುದನ್ನು ಮರಿಗೆ ಹಾಕಬಾರದು.

ಮರಿಯ ಮೈಯೇ ಸಾಕ್ಷಿ

ವಾರಕ್ಕೊಮ್ಮೆ ಮರಿಯನ್ನು ತೂಗಿ ಬರೆದಿಡುವುದು ಒಳ್ಳೆಯದು. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ತಗಲಬೇಕು. ಮೇಲಿನಿಂದ ನೋಡಿದರೆ ನಡು ಕಾಣಬೇಕು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಅಚ್ಚಾದ ನಮ್ಮ ಮುಧೋಳದ ನಾಯಿಯು ಹುಟ್ಟಿನಿಂದಲೇ ಸಪುರ ಮೈಯದು. ಅದರ ಪಕ್ಕೆಲುಬನ್ನು ಕಂಡು ಮರುಗಿ ಅತಿಯಾಗಿ ಉಣ್ಣಿಸುವವರು ಅದರ ಕೀಲುಗಳಿಗೆ ಅಪಕಾರವನ್ನೇ ಮಾಡುತ್ತಾರೆ. ಡೊಳ್ಳುಹೊಟ್ಟೆ, ಒರಟಾದ ಕೂದಲು, ಬಾಗಿದ ಮುಂಗಾಲು, ಕುಂಟುನಡಿಗೆ, ಒಂದು ದಿವಸಕ್ಕೆ ಮೀರಿದ ಭೇದಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಸಮೀಪದ ಪಶುವೈದ್ಯಶಾಲೆಗೆ ಒಯ್ಯತಕ್ಕದ್ದು. ಭೇದಿಯೊಡನೆ ವಾಂತಿಯಾಗಲಿ ರಕ್ತವಾಗಲಿ ಕಂಡರೆ ಒಂದು ದಿವಸವೂ ಕಾಯಬಾರದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಚಿಕಿತ್ಸೆಯು ದೊರೆಯುತ್ತದೆ.

ಮರಿಯು ತನಗೆ ಏನು ಕೊರತೆಯೆಂದು ಬಾಯಿಬಿಟ್ಟು ಹೇಳಲಾರದು. ಕೊಟ್ಟುದನ್ನು ತಿಂದು ಬಾಲವನ್ನಾಡಿಸುತ್ತದೆ. ಅದು ಸಂತೋಷದಿಂದ ತಿಂದಿತೆಂಬುದರಿಂದಲೇ ಆಹಾರವು ಸರಿಯಾಯಿತೆಂದು ತಿಳಿಯದೆ, ಅದರ ಬೆಳವಣಿಗೆಯನ್ನು ನೋಡಿ ನಿಶ್ಚಯಿಸುವುದು ಸಾಕುವವರ ಕರ್ತವ್ಯ.