ಚೀಟಿ ನೋಡುವುದೋ, ಡಬ್ಬಿಯೊಳಗೆ ನೋಡುವುದೋ?

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವವರ ನೋಟ್ಸ್‌ನಲ್ಲಿ ಈ ಸಾಲು ಇದ್ದೇ ಇರುತ್ತದೆ: ಓವರ್‌ಲೋಡಿಂಗ್ ಕಂಪೈಲ್ ಟೈಮ್, ಓವರ್‌ರೈಡಿಂಗ್ ರನ್ ಟೈಮ್. ಮಗ್ಗಿಯಂತೆ ಉರು ಹೊಡೆದ ಸಾಲು. ಸರಿಯಾಗಿಯೂ ಇದೆ. ಆದರೆ ‘ಹಾಗೆಂದರೇನು?’ ಎಂದು ಎದುರಿನವರು ಕೇಳಿದ ಕೂಡಲೇ ಬಾಯಿ ಕಟ್ಟುತ್ತದೆ.

ನನ್ನನ್ನು ಕೇಳಿದ್ದು ಹೀಗೆ. ‘ಖಾತೆ’ ಎಂಬ ಕ್ಲಾಸ್‌ನಲ್ಲಿ ಬಡ್ಡಿ ಲೆಕ್ಕ ಹಾಕುವ ಮೆಥಡ್ ಇದೆ. ಅದನ್ನು ಎಕ್ಸ್‌ಟೆಂಡ್ ಮಾಡಿದ ‘ಉಳಿತಾಯ ಖಾತೆ’ ಅದೇ ಮೆಥಡ್ಡನ್ನು ತನಗೆ ಬೇಕಾದಂತೆ ಬರೆದುಕೊಂಡಿದೆ. ವೇರಿಯಬಲ್ ‘ಖಾತೆ’ಯದು, ಅದರಲ್ಲಿಟ್ಟ ಆಬ್ಜೆಕ್ಟ್ ‘ಉಳಿತಾಯ ಖಾತೆ’ಯದು. ಕರೆದರೆ ಓಡುವುದು ಯಾವುದು?

ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇದನ್ನು ಅಡುಗೆಮನೆಯ ಡಬ್ಬಿಯಂತೆ ನೆನಪಿಟ್ಟುಕೊಂಡಿದ್ದೇನೆ. ಕಂಪೈಲರ್ ಡಬ್ಬಿಯ ಮೇಲಿನ ಚೀಟಿ ಓದಿ, ಇಂಥ ಮೆಥಡ್ ಉಂಟೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಪ್ರೋಗ್ರಾಂ ಓಡುವಾಗ ಜೆವಿಎಂ ಮುಚ್ಚಳ ತೆಗೆದು ಒಳಗಿನ ಸಾಮಾನು ನೋಡುತ್ತದೆ. ಹಾಗಾಗಿ ಓಡುವುದು ಉಳಿತಾಯ ಖಾತೆಯ ಮೆಥಡ್. ‘ಸ್ಟ್ಯಾಟಿಕ್ ಆಗಿದ್ದರೆ?’ ಎಂಬುದು ಮುಂದಿನ ಪ್ರಶ್ನೆ. ಆಗ ಚೀಟಿಯದೇ ಕೊನೆಯ ಮಾತು. ಅದು ಹೈಡಿಂಗ್, ಓವರ್‌ರೈಡಿಂಗ್ ಅಲ್ಲ. ಫೀಲ್ಡ್‌ಗಳದ್ದೂ ಇದೇ ಕಥೆ. ಸಿ ಪ್ಲಸ್ ಪ್ಲಸ್‌ನಲ್ಲಂತೂ ಮೂಲ ಕ್ಲಾಸ್‌ನ ಮೆಥಡ್‌ಗೆ ‘ವರ್ಚುವಲ್’ ಎಂದು ಬರೆಯದಿದ್ದರೆ ಮುಚ್ಚಳ ತೆಗೆಯುವುದೇ ಇಲ್ಲ.

ಪುಸ್ತಕಗಳಲ್ಲಿನ ಪ್ರಾಣಿ-ನಾಯಿ ಉದಾಹರಣೆ ನನಗೆ ಬೇಸರ. ನಾಯಿ ಬೊಗಳಿದ್ದು ಪ್ರಿಂಟ್ ಆದರೆ ಏನು ಗೊತ್ತಾಯಿತು? ಅದರ ಬದಲು ಲ್ಯಾಬ್‌ನಲ್ಲಿ ಇದನ್ನು ಟೈಪ್ ಮಾಡಿ ನೋಡಿ. ‘ಸ್ಟೂಡೆಂಟ್’ ಕ್ಲಾಸ್ ಬರೆದು, ರಿಜಿಸ್ಟರ್ ನಂಬರ್ ಹೋಲಿಸುವ ಈಕ್ವಲ್ಸ್ ಮೆಥಡ್ ಕೊಡಿ. ಪ್ಯಾರಾಮೀಟರ್ ಮಾತ್ರ ಸ್ಟೂಡೆಂಟ್ ಆಗಿರಲಿ. ಒಂದೇ ನಂಬರಿನ ಎರಡು ಆಬ್ಜೆಕ್ಟ್ ನೇರವಾಗಿ ಹೋಲಿಸಿದರೆ ‘ಟ್ರೂ’. ಒಂದನ್ನು ಅರೇಲಿಸ್ಟ್‌ಗೆ ಹಾಕಿ, ಇನ್ನೊಂದು ಅದರಲ್ಲಿದೆಯೇ ಎಂದು ಕಂಟೇನ್ಸ್ ಮೂಲಕ ಕೇಳಿದರೆ ‘ಫಾಲ್ಸ್’! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಲಿಸ್ಟ್ ಕರೆಯುವುದು ‘ಆಬ್ಜೆಕ್ಟ್’ ಪ್ಯಾರಾಮೀಟರಿನ ಈಕ್ವಲ್ಸನ್ನು. ನೀವು ಬರೆದದ್ದು ಅದೇ ಹೆಸರಿನ ಬೇರೆ ಮೆಥಡ್, ಅಂದರೆ ಓವರ್‌ಲೋಡಿಂಗ್.

ಮೆಥಡ್ ಮೇಲೆ @ಓವರ್‌ರೈಡ್ ಎಂದು ಬರೆದಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತಿತ್ತು. 2004ರ ಜಾವಾ 5ರಲ್ಲಿ ಬಂದ ಸೌಲಭ್ಯ ಇದು. ಬರೆಯಲೇಬೇಕೆಂಬ ಕಡ್ಡಾಯವಿಲ್ಲದ ಕಾರಣ ಪರೀಕ್ಷೆಯ ಉತ್ತರಗಳಲ್ಲಿ ಅದನ್ನು ಬಿಟ್ಟುಬಿಡುವವರೇ ಹೆಚ್ಚು. ನಾನಂತೂ ಬಿಡುವುದಿಲ್ಲ.

ಪ್ಯಾರಾಮೀಟರ್ ಸರಿಮಾಡಿದ ಮೇಲೂ ಹ್ಯಾಶ್‌ಕೋಡ್ ಮೆಥಡ್ಡನ್ನು ಓವರ್‌ರೈಡ್ ಮಾಡದೆ, ಅದೇ ಇಬ್ಬರನ್ನು ಹ್ಯಾಶ್‌ಸೆಟ್‌ಗೆ ಹಾಕಿ ನೋಡಿ. ಹ್ಯಾಶ್‌ಸೆಟ್ ಮೊದಲು ಹೋಲಿಸುವುದು ಹ್ಯಾಶ್‌ಕೋಡನ್ನು. ಅದೇ ಬೇರೆಯಾದರೆ ಈಕ್ವಲ್ಸ್ ಸರದಿಯೇ ಬರುವುದಿಲ್ಲ. ಒಂದೇ ರಿಜಿಸ್ಟರ್ ನಂಬರಿನ ಇಬ್ಬರು ವಿದ್ಯಾರ್ಥಿಗಳು ಪಟ್ಟಿಯಲ್ಲಿ ಆರಾಮವಾಗಿ ಕೂತಿರುತ್ತಾರೆ.